ಸಕ್ಕರೆ 48

ರಾತ್ರಿ ಹನ್ನೊಂದು. ಒಹಾಯೊದ ಒಂದು ವೃದ್ಧರ ಆರೈಕೆ ಕೇಂದ್ರ. ಸಂಜೆ ಪಾಳಿಯ ನರ್ಸ್ ಮಾರ್ಫಿನ್, ಆಕ್ಸಿಕೊಡೋನ್ ಒಂದೊಂದಾಗಿ ಎಣಿಸುತ್ತಿದ್ದಾರೆ, ನೀವು ರಿಜಿಸ್ಟರಿನಲ್ಲಿ ಬೆರಳಿಟ್ಟು ತಾಳೆ ನೋಡುತ್ತಿದ್ದೀರಿ. ಲೆಕ್ಕ ಸರಿಯಿದೆ. ಇಬ್ಬರೂ ಸಹಿ ಹಾಕಿದ ಮೇಲೆ ಔಷಧದ ಗಾಡಿಯ ಬೀಗದಕೈ ನಿಮ್ಮ ಅಂಗೈಗೆ ಬರುತ್ತದೆ.

“14ನೇ ಕೋಣೆಯ ಅಜ್ಜಿ ಊಟ ಅರ್ಧಕ್ಕೇ ಬಿಟ್ಟರು. ಇನ್ಸುಲಿನ್ ಆಗಿದೆ,” ಎನ್ನುತ್ತಾ ಅವರು ಕೋಟು ಏರಿಸಿಕೊಳ್ಳುತ್ತಾರೆ. ಬಾಗಿಲು ಮುಚ್ಚಿಕೊಳ್ಳುತ್ತದೆ.

ಈ ವಿಭಾಗದಲ್ಲಿ ಮಲಗಿರುವ ಮೂವತ್ತರ ಹತ್ತಿರ ಜನಕ್ಕೆ ಇನ್ನು ಬೆಳಗಿನವರೆಗೆ ನರ್ಸ್ ಎಂದರೆ ನೀವೊಬ್ಬರೇ. ರಿಜಿಸ್ಟರ್ಡ್ ನರ್ಸ್, ಅಂದರೆ ಆರ್‌ಎನ್, ಫೋನಿಗೆ ಸಿಗುತ್ತಾರೆ, ಕಟ್ಟಡದಲ್ಲಿಲ್ಲ. ದಿನಕ್ಕೆ ಕನಿಷ್ಠ 8 ಗಂಟೆ ಆರ್‌ಎನ್ ಇದ್ದರೆ ಫೆಡರಲ್ ನಿಯಮಕ್ಕೆ ಸಾಕು. ಉಳಿದ ಹೊತ್ತಿನ ಭಾರ ನಿಮ್ಮಂಥ ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್‌ಗಳ, ಅಂದರೆ ಎಲ್‌ಪಿಎನ್‌ಗಳ, ಹೆಗಲಿಗೆ.

ಫಿನೈಲು, ಮೂತ್ರ, ಆರಿದ ಕಾಫಿ ಎಲ್ಲ ಕಲೆತ ವಾಸನೆ. ಯಾವುದೋ ಕೋಣೆಯಲ್ಲಿ ಆಕ್ಸಿಜನ್ ಯಂತ್ರ ಗುಂಯ್‌ಗುಡುತ್ತಿದೆ.

ನಾಲ್ಕು ಗಂಟೆಗೆ ಆಯಾ ಓಡಿಬರುತ್ತಾಳೆ. “14ಕ್ಕೆ ಬನ್ನಿ. ಏನೇನೋ ಮಾತಾಡ್ತಿದ್ದಾರೆ.”

ಅಜ್ಜಿಯ ನೈಟಿ ಬೆನ್ನಿಗೆ ಅಂಟಿಕೊಂಡಿದೆ. ಹಣೆ ಮುಟ್ಟುತ್ತೀರಿ: ತಣ್ಣಗೆ, ಒದ್ದೆ. ಬೆರಳ ತುದಿ ಚುಚ್ಚುತ್ತೀರಿ. ಈ ಚುಚ್ಚುವಿಕೆ ನಿಮ್ಮ ಕೈಗೆ ಕರಗತ. ಮೆಡಿಕಲ್ ಅಸಿಸ್ಟೆಂಟ್ ಆಗಿ ಕ್ಲಿನಿಕ್ಕಿನಲ್ಲಿ ವರ್ಷಗಟ್ಟಲೆ ಇದನ್ನೇ ಮಾಡಿದ್ದೀರಿ. ತೂಕ, ಬಿಪಿ, ಸಕ್ಕರೆ ಕಂಪ್ಯೂಟರಿಗೆ ಹಾಕಿ, “ಡಾಕ್ಟ್ರು ಈಗ ಬರ್ತಾರೆ” ಎಂದು ಬಾಗಿಲೆಳೆದುಕೊಂಡು ಬಂದರೆ ಆಯಿತು, ಆ ಅಂಕಿ ಆಮೇಲೆ ಡಾಕ್ಟರದ್ದು.

ಮೀಟರು ತೋರಿಸುತ್ತದೆ: 48.

ಸಕ್ಕರೆ ಹೀಗೆ ಇಳಿದಾಗ ಏನು ಮಾಡಬೇಕೆಂದು ಫೈಲಿನಲ್ಲಿ ಆದೇಶವಿದೆ. ನುಂಗಬಲ್ಲವರಿಗೆ 15 ಗ್ರಾಂ ಸಕ್ಕರೆ. ನುಂಗಲಾರದವರಿಗೆ 1 ಮಿಲಿಗ್ರಾಂ ಗ್ಲುಕಗಾನ್ ಇಂಜೆಕ್ಷನ್. ಅಜ್ಜಿ ಯಾವ ಸಾಲಿಗೆ ಸೇರುತ್ತಾರೆಂದು ಬರೆದಿಲ್ಲ, ಬರೆಯಲಾಗುವುದೂ ಇಲ್ಲ. ಕಣ್ಣು ಅರೆತೆರೆದಿವೆ. ನುಂಗಲಾರದ ಬಾಯಿಗೆ ಜ್ಯೂಸು ಸುರಿದರೆ ಅದು ಶ್ವಾಸಕೋಶಕ್ಕಿಳಿಯುತ್ತದೆ. ತಡಮಾಡಿದರೆ ಪ್ರಜ್ಞೆ ಹೋಗುತ್ತದೆ. ನಿಮ್ಮ ಎದೆಬಡಿತ ನಿಮಗೇ ಕಿವಿಯಲ್ಲಿ ಕೇಳುತ್ತಿದೆ. ನಾಲಗೆ ಒಣಗಿದೆ. ನರ್ಸಿಂಗ್ ಲೈಸೆನ್ಸಿನ ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲೂ ಇಂಥ ಪ್ರಶ್ನೆ ಬಂದಿತ್ತು, ಕನಿಷ್ಠ 85 ಪ್ರಶ್ನೆಗಳ ನಡುವೆ ಎಲ್ಲೋ. ಅಲ್ಲಿ ನಾಲ್ಕು ಉತ್ತರಗಳಿದ್ದವು, ಯಾರೂ ಬೆವರುತ್ತಿರಲಿಲ್ಲ.

ಹಾಸಿಗೆಯ ತಲೆಭಾಗ ಎತ್ತುತ್ತೀರಿ. “ಅಜ್ಜೀ, ನನ್ನ ಕೈ ಹಿಸುಕಿ.” ಹಿಸುಕುತ್ತಾರೆ. “ಉಗುಳು ನುಂಗಿ.” ಏನೂ ಇಲ್ಲ. “ನುಂಗಿ, ಅಜ್ಜೀ!” ಗಂಟಲ ಗಂಟು ಮೇಲೇರಿ ಇಳಿಯುತ್ತದೆ.

“ಜ್ಯೂಸ್ ತಾ.” ಗ್ಲುಕಗಾನ್ ಪೆಟ್ಟಿಗೆಯನ್ನೂ ಮೇಜಿನ ಮೇಲೆ ತೆರೆದಿಡುತ್ತೀರಿ.

120 ಮಿಲಿಲೀಟರ್ ಕಿತ್ತಳೆ ರಸ, ಗುಟುಕು ಗುಟುಕಾಗಿ. ಪ್ರತಿ ಗುಟುಕಿಗೂ ಕೆಮ್ಮು ಬರುತ್ತದೇನೋ ಎಂದು ಉಸಿರು ಬಿಗಿಹಿಡಿಯುತ್ತೀರಿ. ಬರುವುದಿಲ್ಲ. ಇನ್ನು ಹದಿನೈದು ನಿಮಿಷ ಕಾಯಬೇಕು. ಕಾಯುವುದೂ ಚಿಕಿತ್ಸೆ ಎಂದು ಮೇಷ್ಟರು ಹೇಳಿದ್ದರು; ಅದು ಸೊಂಟಕ್ಕೆ ಇಷ್ಟು ನೋವು ಕೊಡುತ್ತದೆಂದು ಹೇಳಿರಲಿಲ್ಲ. ಬಗ್ಗಿ ನಿಂತೇ ಇದ್ದೀರಿ.

63. ಇನ್ನೊಂದು ಲೋಟ. ಮತ್ತೆ ಹದಿನೈದು ನಿಮಿಷ. 91.

“ಯಾಕೆ ಎಬ್ಬಿಸಿದ್ರಿ ನನ್ನ?” ಅಜ್ಜಿ ರೇಗುತ್ತಾರೆ. ಬೈಗುಳ ಇಷ್ಟು ಹಿತವಾಗಿ ಕೇಳಿಸಿದ್ದು ಇದೇ ಮೊದಲು. ಕಡಲೆಕಾಯಿ ಬೆಣ್ಣೆ ಸವರಿದ ಬಿಸ್ಕತ್ತು ಕೈಗಿಟ್ಟು ಫೋನಿನ ಬಳಿ ಬರುತ್ತೀರಿ.

ಕ್ಲಿನಿಕ್ಕಿನಲ್ಲಿ ನಿಮ್ಮ ಬಳಿ ಇದ್ದದ್ದು ಪ್ರಮಾಣಪತ್ರ. ಈಗಿರುವುದು ರಾಜ್ಯದ ನರ್ಸಿಂಗ್ ಮಂಡಳಿ ಕೊಟ್ಟ ಲೈಸೆನ್ಸು. ಕೊಟ್ಟ ಮಂಡಳಿಯೇ ಅದನ್ನು ಕಸಿದುಕೊಳ್ಳಲೂಬಹುದು. ಆ ಲೈಸೆನ್ಸಿಗಾಗಿ ಒಂದು ವರ್ಷ ಮತ್ತೆ ಬೆಂಚಿನ ಮೇಲೆ ಕೂತಿರಿ. ಕ್ಲಿನಿಕ್ಕಿನ ಅನುಭವವನ್ನು ಕಾಲೇಜು ಒಂದು ತಾಸಿನಷ್ಟೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಡಾಕ್ಟರ ದನಿಯಲ್ಲಿ ನಿದ್ದೆ ತುಂಬಿದೆ. “ಯಾರು?”

ಹೆಸರು ಹೇಳಿ, “ಎಲ್‌ಪಿಎನ್” ಎನ್ನುತ್ತೀರಿ. ಊಟ ಅರ್ಧ, ಇನ್ಸುಲಿನ್ ಪೂರ್ತಿ, 48, 63, 91. ಇಂದು ರಾತ್ರಿಯ ಡೋಸು ಕಡಿಮೆ ಮಾಡಲು ಅವರು ಹೇಳುತ್ತಾರೆ. ಬರೆದುಕೊಂಡು, ಬರೆದದ್ದನ್ನು ಓದಿ ಹೇಳುತ್ತೀರಿ. “ಸರಿ,” ಎಂದು ಫೋನಿಡುತ್ತಾರೆ.

ಚಾರ್ಟು ಬರೆದು ಸಹಿ ಹಾಕುವಷ್ಟರಲ್ಲಿ ಐದೂವರೆ. ಆರು ಗಂಟೆಗೆ ಉಳಿದವರ ಸಕ್ಕರೆ ನೋಡಬೇಕು. ಗಾಡಿಯಲ್ಲಿ ಸ್ಟ್ರಿಪ್ ಮುಗಿಯುತ್ತಾ ಬಂದಿವೆ.