ಮೂತ್ರಪಿಂಡದ ರೋಗಕ್ಕೆ ಚೀನಾದ ಬೇರು

ನಮ್ಮ ಹಿರಿಯರು ಗ್ರಂಥಿಗೆ ಅಂಗಡಿಯಿಂದ ತರಿಸುತ್ತಿದ್ದ ಮೂಲಿಕೆಗಳಲ್ಲಿ ರೇವಲ್‌ಚಿನ್ನಿಯೂ ಒಂದು. ಮಲಬದ್ಧತೆಗೆ ಬಳಸುವ ಈ ಹಳದಿ ಬೇರು ತನ್ನ ತವರು ಚೀನಾ ಎಂಬುದನ್ನು ಹೆಸರಿನಲ್ಲಿಯೇ ಹೊತ್ತುಕೊಂಡಿದೆ. ಅಲ್ಲಿಯ ವೈದ್ಯರು ಇದನ್ನು ‘ದಾ ಹುವಾಂಗ್’, ಎಂದರೆ ‘ದೊಡ್ಡ ಹಳದಿ’ ಎಂದು ಕರೆಯುತ್ತಾರೆ. ಮೂತ್ರಪಿಂಡಗಳು ಸೋತ ರೋಗಿಗಳಿಗೂ ಅವರು ಇದನ್ನು ಕೊಡುವುದುಂಟು. ಮೂತ್ರದಲ್ಲಿ ಹೋಗಲಾರದ ಕಲ್ಮಶಗಳಲ್ಲಿ ಒಂದಂಶವಾದರೂ ಕರುಳಿನ ದಾರಿಯಿಂದ ಹೊರಬೀಳಲಿ ಎಂಬುದು ಅವರ ಎಣಿಕೆ. ಆದರೆ ಭೇದಿ ಹೆಚ್ಚಾಗಿ ದೇಹದ ನೀರು ಬತ್ತಿದರೆ ಅದೇ ಮೂತ್ರಪಿಂಡಕ್ಕೆ ಪೆಟ್ಟು.

ಈ ವಿಷಯವನ್ನು ನಾವು ಕೆದಕಿದ್ದು ಕೇವಲ ಕುತೂಹಲದಿಂದಲ್ಲ. ಸಕ್ಕರೆ ಕಾಯಿಲೆಯಿಂದ ನಮ್ಮ ಹಿರಿಯಣ್ಣನವರ ಮೂತ್ರಪಿಂಡಗಳು ಕ್ಷೀಣಿಸತೊಡಗಿದ್ದವು. ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತಿತ್ತು; ಡಯಾಲಿಸಿಸ್ ಎಂಬ ಮಾತು ಮನೆಯಲ್ಲಿ ಪಿಸುದನಿಯಲ್ಲಿ ಸುಳಿಯತೊಡಗಿತ್ತು. ಆ ಹೊತ್ತಿನಲ್ಲಿಯೇ ಸಿಂಗಪುರದಲ್ಲಿರುವ ಬಂಧುವೊಬ್ಬರು ಪ್ರೀತಿಯಿಂದ ಕಂದುಬಣ್ಣದ ಪುಡಿಯ ಪೊಟ್ಟಣವೊಂದನ್ನು ತಂದುಕೊಟ್ಟರು. ‘ಇದು ಕಿಡ್ನಿಗೆ ಬಲ ಕೊಡುತ್ತದಂತೆ’ ಎಂದರು. ಅತ್ತಿಗೆಯವರಂತೂ ಅಂದೇ ಬಿಸಿನೀರಿನಲ್ಲಿ ಕಲಸಿ ಕೊಡಲು ಸಿದ್ಧರಾದರು. ಒಂದು ವಾರ ತಡೆಯಿರೆಂದು ನಾವು ಬೇಡಿಕೊಂಡೆವು.

ಆ ವಾರದಲ್ಲಿ ತಿಳಿದ ಮೊದಲ ಸಂಗತಿ ಇದು. ಚೀನೀ ವೈದ್ಯಶಾಸ್ತ್ರದಲ್ಲಿ ‘ಶೆನ್’ ಎಂಬ ಶಬ್ದಕ್ಕೆ ಮೂತ್ರಪಿಂಡವೆಂದೇ ಅರ್ಥವಾದರೂ ಅದರ ವ್ಯಾಪ್ತಿ ಬಹು ದೊಡ್ಡದು. ಜೀವಸತ್ವವನ್ನು ಕಾಯುವುದು, ಎಲುಬಿಗೆ ಗಟ್ಟಿತನ ಕೊಡುವುದು, ಕಿವಿಯ ಶಕ್ತಿ, ಕೂದಲಿನ ಕಪ್ಪು, ಎಲ್ಲವೂ ಅದರ ಪಾಲಿಗೆ ಸೇರಿವೆ. ಸೊಂಟ ನೋವು, ಕಿವಿಯಲ್ಲಿ ಮೊರೆತ ಇವೂ ಅವರ ಲೆಕ್ಕದಲ್ಲಿ ‘ಶೆನ್’ ದುರ್ಬಲವಾದುದರ ಗುರುತುಗಳಾಗಬಹುದು. ಆದುದರಿಂದ ಪೊಟ್ಟಣದ ಮೇಲೆ ‘ಕಿಡ್ನಿಗೆ ಬಲ’ ಎಂದಿದ್ದ ಮಾತ್ರಕ್ಕೆ ಅದು ಕ್ರಿಯಾಟಿನಿನ್ ಏರಿದವರ ಔಷಧಿಯೆಂದು ತಿಳಿಯಲಾಗದು.

ಹಾಗೆಂದು ಎಲ್ಲವನ್ನೂ ತಳ್ಳಿಹಾಕುವುದೂ ನ್ಯಾಯವಲ್ಲ. ‘ಹುವಾಂಗ್ ಚಿ’ ಎಂಬ ಬೇರು ಅವರಲ್ಲಿ ಬಲು ಮಾನ್ಯವಾದುದು. ಮೂತ್ರದಲ್ಲಿ ಪ್ರೋಟೀನು ಸೋರಿಹೋಗುವುದನ್ನು ಇದು ತಗ್ಗಿಸಬಹುದೆಂದು, ರಕ್ತಹೀನತೆಗೂ ನೆರವಾಗಬಹುದೆಂದು 2014ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲನೆ ಕಂಡಿತು. ಆದರೆ ಅದು ಆಧರಿಸಿದ ಪ್ರಯೋಗಗಳ ಗುಣಮಟ್ಟ ಸಾಲದೆಂದೂ ಅದೇ ಉಸಿರಿನಲ್ಲಿ ಹೇಳಿತು. ತೈವಾನಿನಲ್ಲಿ ಸುಮಾರು 25 ಸಾವಿರ ಮೂತ್ರಪಿಂಡ ರೋಗಿಗಳ ವಿಮಾ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ಒಂದು ವರದಿ ಪ್ರಕಟವಾಯಿತು. ವೈದ್ಯರು ಬರೆದುಕೊಟ್ಟ ಚೀನೀ ಮೂಲಿಕೆಗಳನ್ನು ಸೇವಿಸಿದವರಲ್ಲಿ ರೋಗವು ಕೊನೆಯ ಹಂತ ಮುಟ್ಟುವ ಅಪಾಯ ಉಳಿದವರಿಗಿಂತ ಶೇಕಡಾ 60ರಷ್ಟು ಕಡಿಮೆಯಿತ್ತು. ಈ ಅಂಕಿಯನ್ನು ಓದಿ ನಮಗೂ ಆಸೆ ಚಿಗುರಿದ್ದು ಸುಳ್ಳಲ್ಲ. ಆದರೆ ಇದು ದಾಖಲೆಗಳ ಹೋಲಿಕೆಯೇ ಹೊರತು ಪ್ರಯೋಗವಲ್ಲ. ಮೂಲಿಕೆಯ ವೈದ್ಯರ ಬಳಿಗೆ ಹೋಗುವವರು ಮೊದಲೇ ಆರೋಗ್ಯದ ಬಗ್ಗೆ ಹೆಚ್ಚು ಎಚ್ಚರವುಳ್ಳವರಾಗಿದ್ದಿರಬಹುದು. ಮೇಲಾಗಿ ಅವರು ಸೇವಿಸಿದ್ದು ಪರವಾನಗಿಯುಳ್ಳ ವೈದ್ಯರು ಬರೆದುಕೊಟ್ಟ, ಇಂಥದೆಂದು ದಾಖಲಾದ ಔಷಧಿ. ನಮ್ಮ ಪೊಟ್ಟಣಕ್ಕೆ ಆ ಭಾಗ್ಯವಿರಲಿಲ್ಲ.

ಇನ್ನು ಬೆಲ್ಜಿಯಂ ದೇಶದ ಕಥೆ. ಬ್ರಸೆಲ್ಸ್ ನಗರದಲ್ಲಿ ತೂಕ ಇಳಿಸಿಕೊಳ್ಳಲು ಚೀನೀ ಮೂಲಿಕೆ ಬೆರೆತ ಮಾತ್ರೆಗಳನ್ನು ನುಂಗಿದ ಹೆಂಗಸರ ಮೂತ್ರಪಿಂಡಗಳು ಒಂದೊಂದಾಗಿ ಕೆಟ್ಟವು. 1993ರಲ್ಲಿ ಅಲ್ಲಿಯ ವೈದ್ಯರು ಒಂಬತ್ತು ಮಂದಿಯ ವಿವರವನ್ನು ಪ್ರಕಟಿಸಿದರು. ಮುಂದೆ ಸಂಖ್ಯೆ ನೂರನ್ನು ದಾಟಿತು. ಕಾರಣ ಕೇಳಿದರೆ ಎದೆ ಝಲ್ಲೆನ್ನುತ್ತದೆ. ‘ಫಾಂಗ್ ಜಿ’ ಎಂಬ ಒಂದೇ ಹೆಸರು ಎರಡು ಬೇರೆ ಬೇರೆ ಗಿಡಗಳಿಗಿದೆ. ಮಾತ್ರೆಗೆ ಸೇರಬೇಕಾದುದರ ಬದಲು ಇನ್ನೊಂದು ಸೇರಿತ್ತು. ಅದರಲ್ಲಿ ಅರಿಸ್ಟೊಲೋಕಿಕ್ ಆಮ್ಲವೆಂಬ ವಿಷವಿತ್ತು. ಈ ವಿಷವು ಮೂತ್ರಪಿಂಡದ ಸೂಕ್ಷ್ಮ ನಳಿಕೆಗಳನ್ನು ಒಣಗಿಸಿ ಗಂಟುಗಟ್ಟಿಸುವುದಲ್ಲದೆ ಮೂತ್ರನಾಳದಲ್ಲಿ ಕ್ಯಾನ್ಸರನ್ನೂ ಹುಟ್ಟಿಸುತ್ತದೆ. ಮೂತ್ರಪಿಂಡ ಕಳೆದುಕೊಂಡ 39 ರೋಗಿಗಳು ಮುನ್ನೆಚ್ಚರಿಕೆಗಾಗಿ ಆ ಭಾಗಗಳನ್ನು ತೆಗೆಸಿಕೊಂಡಾಗ 18 ಮಂದಿಯಲ್ಲಿ ಕ್ಯಾನ್ಸರ್ ಕಂಡಿತೆಂದು 2000ದಲ್ಲಿ ವರದಿಯಾಯಿತು. ತೈವಾನ್ 2003ರಲ್ಲಿ ಈ ಆಮ್ಲವುಳ್ಳ ಮೂಲಿಕೆಗಳನ್ನು ನಿಷೇಧಿಸಿತು.

ನಮ್ಮ ಪೊಟ್ಟಣವನ್ನು ಮೂತ್ರಪಿಂಡ ತಜ್ಞರ ಮುಂದಿಟ್ಟೆವು. ಅವರು ನಗಲಿಲ್ಲ, ಗದರಿಸಲಿಲ್ಲ. ‘ಇದರಲ್ಲಿ ಏನೇನಿದೆಯೆಂದು ಬರೆದಿದೆಯೇ?’ ಎಂದಷ್ಟೇ ಕೇಳಿದರು. ತಿರುಗಿಸಿ ಮುರುಗಿಸಿ ನೋಡಿದರೂ ಒಂದು ಗಿಡದ ಹೆಸರೂ ಇರಲಿಲ್ಲ. ಹೆಸರಿಲ್ಲದುದನ್ನು ಅಣ್ಣನವರಿಗೆ ಕೊಡುವುದು ಬೇಡವೆಂದು ನಿಶ್ಚಯಿಸಿದೆವು. ಅತ್ತಿಗೆಯವರು ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ. ಗಂಡನ ಜೀವದ ಪ್ರಶ್ನೆ. ಅವರ ನೋವನ್ನು ನಾವು ಅರಿಯದವರೇ? ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ, ಉಪ್ಪು ಕಡಿಮೆ, ತಜ್ಞರು ಬರೆದ ಮಾತ್ರೆಗಳು, ತಜ್ಞರನ್ನು ಕೇಳದೆ ನೋವಿನ ಮಾತ್ರೆ ನುಂಗದಿರುವುದು, ಇಷ್ಟರಲ್ಲಿಯೇ ಅಣ್ಣನವರು ನಡೆದು ಬಂದಿದ್ದಾರೆ. ಕ್ರಿಯಾಟಿನಿನ್ ಇಳಿದಿಲ್ಲ, ಆದರೆ ಅದರ ಏರಿಕೆ ನಿಧಾನವಾಗಿದೆ.

ಓದುಗ ಬಂಧುಗಳಿಗೆ ಇನ್ನೊಂದು ಮಾತು. ಆ ವಿಷ ಚೀನಾದ ಗಿಡಗಳಿಗೆ ಮಾತ್ರ ಮೀಸಲಲ್ಲ. ನಮ್ಮ ಹಳ್ಳಿಗಳಲ್ಲಿ ಹಾವು ಕಡಿತಕ್ಕೆ ಮದ್ದೆಂದು ನಂಬಿಕೊಂಡು ಬಂದಿರುವ ಈಶ್ವರಿ ಬಳ್ಳಿಯೂ ಅದೇ ಕುಲಕ್ಕೆ ಸೇರಿದುದು. ಅದರಲ್ಲಿಯೂ ಅರಿಸ್ಟೊಲೋಕಿಕ್ ಆಮ್ಲವಿದೆ. ಅತ್ತಿಗೆಯವರ ಔಷಧಿ ಡಬ್ಬಿಯಲ್ಲಿ ಅದರ ಬೇರಿನ ತುಂಡೊಂದು ಅವರ ತಾಯಿಯ ಕಾಲದಿಂದಲೂ ಇತ್ತು. ಇದನ್ನೆಲ್ಲ ಓದಿ ಹೇಳಿದ ಸಂಜೆ ಅವರು ತಾವಾಗಿಯೇ ಅದನ್ನು ತೆಗೆದು ನಮ್ಮ ಕೈಗಿತ್ತರು.