ಅಳಿಸಿದೆ ಅಂದುಕೊಂಡದ್ದು

ಉಗುರಿನಷ್ಟು ಅಗಲದ ಮೆಮೊರಿ ಕಾರ್ಡೊಂದು ನಮ್ಮ ಮನೆಯ ಗುಟ್ಟು ಬಯಲು ಮಾಡಿದ ಕಥೆ ಇದು. ನಡೆದದ್ದು 2013ರಲ್ಲಿ. ನಾನು ಬೆಂಗಳೂರಿಗೆ ಬಂದು ಆಗ ಎರಡು ವರ್ಷ. ಕೆಲಸ ಸಾಫ್ಟ್‌ವೇರ್ ಕಂಪನಿಯಲ್ಲಿ. ತೀರ್ಥಹಳ್ಳಿ ಕಡೆಯ ನಮ್ಮೂರಿನವರ ಪಾಲಿಗೆ ನಾನು ‘ಕಂಪ್ಯೂಟರ್ ಗೊತ್ತಿರೋ ಹುಡುಗ’.

ಆ ಬೇಸಿಗೆಯಲ್ಲಿ ಅಪ್ಪಯ್ಯನ ಕೆನ್ನೆಯೊಳಗೆ ಒಂದು ಹುಣ್ಣಾಯಿತು. ನಲವತ್ತು ವರ್ಷ ಎಲೆ ಅಡಿಕೆ, ಹೊಗೆಸೊಪ್ಪು ಜಗಿದ ಬಾಯಿ. ಬಯಾಪ್ಸಿ ಆಯಿತು. ರಿಪೋರ್ಟು ತರಲು ಹೋದವನು ನಾನು. ಅಲ್ಲೇ ಲ್ಯಾಬಿನ ಮೆಟ್ಟಿಲ ಮೇಲೆ ನಿಂತು ಅದರ ಫೋಟೊ ಹೊಡೆದು, ಡಾಕ್ಟರಾಗಿರುವ ಚಿಕ್ಕಪ್ಪನ ಮಗಳಿಗೆ ಕಳಿಸಿದೆ. ‘ಕ್ಯಾನ್ಸರೇ. ಆದ್ರೆ ಬೇಗ ಸಿಕ್ಕಿದೆ, ಆಪರೇಷನ್ ಮಾಡಿದ್ರೆ ಸಾಕಾಗಬಹುದು’ ಅಂದಳು. ಅಮ್ಮ, ಅಕ್ಕ, ನಾನು ಸೇರಿ ಒಂದು ತೀರ್ಮಾನಕ್ಕೆ ಬಂದೆವು. ಅಪ್ಪಯ್ಯನಿಗೆ ಆ ಶಬ್ದ ಹೇಳುವುದು ಬೇಡ. ಕೆಟ್ಟ ಹುಣ್ಣು, ತೆಗೆಸಬೇಕು, ಅಷ್ಟೇ. ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಮೂಲ ರಿಪೋರ್ಟನ್ನು ನಾನು ಬೆಂಗಳೂರಿನ ರೂಮಿನಲ್ಲಿ, ನನ್ನ ಮಾರ್ಕ್ಸ್ ಕಾರ್ಡುಗಳ ಫೈಲಿನಡಿ ಬಚ್ಚಿಟ್ಟೆ.

ಮೂರು ತಿಂಗಳ ನಂತರ ಹೊಸ ಫೋನ್ ತಗೊಂಡೆ. ಹಳೆಯದನ್ನು ಮೂರು ಸಾವಿರಕ್ಕೆ ಒಬ್ಬರಿಗೆ ಕೊಟ್ಟೆ. ಕೊಡುವ ಮುಂಚೆ ಶಾಸ್ತ್ರೋಕ್ತವಾಗಿ ಫ್ಯಾಕ್ಟರಿ ರೀಸೆಟ್ ಮಾಡಿದೆ, ಒಳಗಿದ್ದ ಎಂಟು ಜಿಬಿ ಕಾರ್ಡನ್ನು ಫಾರ್ಮ್ಯಾಟ್ ಮಾಡಿದೆ. ಗ್ಯಾಲರಿ ತೆಗೆದು ನೋಡಿದೆ, ಖಾಲಿ. ‘ಕಾರ್ಡೂ ಇಟ್ಕೊಳಿ ಸಾರ್’ ಅಂತ ಉದಾರವಾಗಿ ಹೇಳಿದ್ದು ಇವತ್ತಿಗೂ ನೆನಪಿದೆ.

ಒಂದು ಸಂಜೆ ಅಪ್ಪಯ್ಯನ ಫೋನ್ ಬಂತು.

‘ಯಾರೋ ಬೆಂಗಳೂರಿಂದ ಫೋನ್ ಮಾಡಿದ್ರು ಮಾರಾಯ. ಒಳ್ಳೆ ಮನುಷ್ಯ. ಕ್ಯಾನ್ಸರ್ ಈಗ ಹೇಗಿದೆ ಸಾರ್, ಅಂತ ವಿಚಾರಿಸಿದ್ರು.’

ನಾನು ಮಾತಾಡಲಿಲ್ಲ. ಅವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಭಾನುವಾರ ಬರ್ತೀಯಲ್ಲ’ ಅಂದು ಇಟ್ಟುಬಿಟ್ಟರು.

ಆ ಮನುಷ್ಯನ ತಪ್ಪೇನೂ ಇರಲಿಲ್ಲ. ಅವರು ಮಗಳ ಹುಟ್ಟುಹಬ್ಬದ ಫೋಟೊಗಳನ್ನು ಕೈತಪ್ಪಿ ಡಿಲೀಟ್ ಮಾಡಿದ್ದರು. ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಪುಕ್ಕಟೆ ಸಿಗುವ ರಿಕವರಿ ಸಾಫ್ಟ್‌ವೇರ್ ಓಡಿಸಿದಾಗ ಮಗಳ ಫೋಟೊ ಜೊತೆ ನನ್ನವೂ ಎದ್ದು ಬಂದವು. ರಿಪೋರ್ಟಿನ ತಲೆಯಲ್ಲೇ ಅಪ್ಪಯ್ಯನ ಹೆಸರು, ವಯಸ್ಸು, ಮೊಬೈಲ್ ನಂಬರ್. ಅವರ ಮನೆಯಲ್ಲೂ ಒಬ್ಬರಿಗೆ ಅದೇ ಕಾಯಿಲೆ ಆಗಿತ್ತಂತೆ. ಮನಸ್ಸು ತಡೆಯದೆ ಫೋನ್ ಮಾಡಿದ್ದರು.

ಭಾನುವಾರ ಊರಿಗೆ ಹೋದೆ. ಬೈಗುಳ ತಿನ್ನಲು ತಯಾರಾಗಿದ್ದವನಿಗೆ ಅಪ್ಪಯ್ಯ ಕೇಳಿದ ಮೊದಲ ಪ್ರಶ್ನೆಯೇ ಬೇರೆ. ‘ನೀನು ಅಳಿಸಿದ್ದೆ ಅಂತೀಯ. ಅಳಿಸಿದ್ದು ಹೇಗೆ ಬಂತು?’

ನನಗೆ ಗೊತ್ತಿದ್ದಷ್ಟು ಹೇಳಿದೆ. ಡಿಲೀಟ್ ಒತ್ತಿದಾಗ ಫೋಟೊ ಹೋಗುವುದಿಲ್ಲ. ಅದು ಎಲ್ಲಿದೆ ಅನ್ನುವ ಪಟ್ಟಿಯಿಂದ ಅದರ ಹೆಸರು ಹೋಗುತ್ತದೆ. ಆ ಜಾಗದಲ್ಲಿ ಬೇರೇನಾದರೂ ಬರೆಯುವ ತನಕ ಹಳೆಯದು ಅಲ್ಲೇ ಇರುತ್ತದೆ. ಫಾರ್ಮ್ಯಾಟ್ ಮಾಡಿದರೂ ಸಾಮಾನ್ಯವಾಗಿ ಹೊಸದಾಗುವುದು ಪಟ್ಟಿ ಮಾತ್ರ.

ಅಪ್ಪಯ್ಯ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹದಿನೆಂಟು ವರ್ಷ ಇದ್ದವರು. ‘ಅಂದ್ರೆ ಇಂಡೆಕ್ಸಲ್ಲಿ ಗೆರೆ ಹೊಡೆದಿದ್ದೀಯ. ಕಡತ ಕಪಾಟಲ್ಲೇ ಇತ್ತು’ ಅಂದರು. ಇಂಜಿನಿಯರಿಂಗ್ ಓದಿದ ನಾನು ಅದಕ್ಕಿಂತ ಚೆನ್ನಾಗಿ ಹೇಳಲಾರೆ.

ಅಮ್ಮ ಅಡುಗೆಮನೆಯಿಂದ ಇನ್ನೊಂದು ವಿಷಯ ಹೇಳಿದಳು. ಹುಣ್ಣು ಹೋಯಿತಲ್ಲ ಅಂತ ಅಪ್ಪಯ್ಯ ಎರಡು ತಿಂಗಳಿಂದ ಮತ್ತೆ ಕದ್ದು ಎಲೆ ಅಡಿಕೆ ಹಾಕುತ್ತಿದ್ದರು. ಆ ಫೋನ್ ಬಂದ ದಿನ ಎಲೆಯ ತಟ್ಟೆಯನ್ನು ಅವರೇ ಅಟ್ಟಕ್ಕೆ ಏರಿಸಿದ್ದರು. ‘ಗೊತ್ತಿದ್ರೆ ಮೊದಲೇ ಬಿಡ್ತಿದ್ದೆ’ ಅಂದರು ಅಪ್ಪಯ್ಯ. ಅವತ್ತಿನ ಬೈಗುಳ ಅಷ್ಟೇ.

ನಾನು ವಾಪಸು ಬಂದು ಆ ಕಪಾಟಿನ ಬಗ್ಗೆ ಓದತೊಡಗಿದೆ. ಓದಿದಷ್ಟೂ ಹೆದರಿಕೆ.

ಕಾರ್ಡು, ಪೆನ್‌ಡ್ರೈವ್, ಎಸ್‌ಎಸ್‌ಡಿ, ಫೋನಿನ ಸ್ಟೋರೇಜು, ಎಲ್ಲದರೊಳಗೂ ಇರುವುದು ಫ್ಲ್ಯಾಶ್ ಚಿಪ್ಪು. ಸಣ್ಣ ಸಣ್ಣ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿ ನೆನಪಿಡುತ್ತದೆ. ಕರೆಂಟು ಇಲ್ಲದಿದ್ದರೂ ವರ್ಷಗಟ್ಟಲೆ ಇರುತ್ತದೆ. ಬರೆದಲ್ಲೇ ತಿದ್ದಿ ಬರೆಯಲು ಅದಕ್ಕೆ ಬರುವುದಿಲ್ಲ, ದೊಡ್ಡದೊಂದು ಬ್ಲಾಕನ್ನೇ ಮೊದಲು ಒರೆಸಬೇಕು. ಜೊತೆಗೆ ಪ್ರತಿ ಕೋಶವೂ ಇಂತಿಷ್ಟು ಸಲ ಬರೆದ ಮೇಲೆ ಸವೆಯುತ್ತದೆ. ಹಾಗಾಗಿ ಒಳಗಿನ ಕಂಟ್ರೋಲರ್ ಜಾಣತನ ಮಾಡುತ್ತದೆ. ನೀವು ಫೈಲಿನ ಮೇಲೆ ಸೊನ್ನೆ ಬರೆಯಿರಿ ಅಂದರೆ, ಅದು ಸೊನ್ನೆಗಳನ್ನು ಬೇರೆ ಕಡೆ ಬರೆದು ಹಳೆಯದನ್ನು ‘ಬೇಡದ್ದು’ ಅಂತ ಗುರುತು ಹಾಕಿಡಬಹುದು. 2011ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಎಸ್‌ಎಸ್‌ಡಿಗಳ ಚಿಪ್ಪುಗಳನ್ನೇ ಓದಿ ನೋಡಿದರು. ಹಾರ್ಡ್ ಡಿಸ್ಕಿಗೆಂದು ಇದ್ದ, ಒಂದು ಫೈಲನ್ನು ಮಾತ್ರ ಅಳಿಸುವ ಯಾವ ವಿಧಾನವೂ ಅಲ್ಲಿ ನೆಚ್ಚುವಂತಿರಲಿಲ್ಲ.

2015ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 21 ಸೆಕೆಂಡ್‌ಹ್ಯಾಂಡ್ ಆಂಡ್ರಾಯ್ಡ್ ಫೋನುಗಳನ್ನು ಪರೀಕ್ಷಿಸಿದರು. ಆವೃತ್ತಿ 2.3ರಿಂದ 4.3ರವರೆಗಿನವು, ಅಂದರೆ ನನ್ನ ಫೋನಿನ ಕಾಲದವು. ಫ್ಯಾಕ್ಟರಿ ರೀಸೆಟ್ ಸರಿಯಾಗಿ ಅಳಿಸದ ಫೋನುಗಳು ಜಗತ್ತಿನಲ್ಲಿ 50 ಕೋಟಿಯವರೆಗೆ ಇರಬಹುದು ಅಂತ ಅವರ ಅಂದಾಜು. ನಾನೊಬ್ಬನೇ ದಡ್ಡನಲ್ಲ ಅನ್ನೋ ಸಮಾಧಾನ ಮಾತ್ರ ಸಿಕ್ಕಿತು.

ರ‍್ಯಾಮ್ ಆದರೂ ಮರೆಯುತ್ತಲ್ಲ? ಕರೆಂಟು ಹೋದ ಕೂಡಲೇ ಅದು ಖಾಲಿ ಅಂತ ಕಾಲೇಜಿನಲ್ಲಿ ಬರೆದು ಮಾರ್ಕು ತಗೊಂಡಿದ್ದೇನೆ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಅದನ್ನೂ ಸುಳ್ಳು ಮಾಡಿದ್ದರು. ಕೀಬೋರ್ಡಿನ ದೂಳು ಊದುವ ಸ್ಪ್ರೇ ಡಬ್ಬಿಯನ್ನು ತಲೆಕೆಳಗು ಹಿಡಿದು ರ‍್ಯಾಮ್ ಚಿಪ್ಪಿಗೆ ಹೊಡೆದು, ಮೈನಸ್ 50 ಡಿಗ್ರಿಗೆ ತಣ್ಣಗೆ ಮಾಡಿದರು. ಕರೆಂಟು ತೆಗೆದು ಹತ್ತು ನಿಮಿಷವಾದರೂ ಅಳಿಸಿಹೋದದ್ದು ಶೇ 1ಕ್ಕಿಂತ ಕಡಿಮೆ. ಡಿಸ್ಕ್ ಎನ್‌ಕ್ರಿಪ್ಷನ್ನಿನ ಬೀಗದ ಕೈ ಲ್ಯಾಪ್‌ಟಾಪ್ ಓಡುತ್ತಿರುವಾಗ ರ‍್ಯಾಮಿನಲ್ಲೇ ಇರುತ್ತದಲ್ಲ, ಅದನ್ನೂ ಹೆಕ್ಕಿ ತೆಗೆದರು. ನಿಮ್ಮ ನನ್ನ ಲ್ಯಾಪ್‌ಟಾಪಿಗೆ ಯಾರೂ ಸ್ಪ್ರೇ ಹಿಡಿದು ಬರಲಿಕ್ಕಿಲ್ಲ. ಆದರೂ ಆಫೀಸಿನ ಲ್ಯಾಪ್‌ಟಾಪನ್ನು ಮುಚ್ಚಳ ಮುಚ್ಚಿ ಸ್ಲೀಪ್‌ನಲ್ಲಿಟ್ಟು ಹೋಟೆಲ್ ರೂಮಿನಲ್ಲಿ ಬಿಟ್ಟು ಹೋಗುವವರು, ಪೂರ್ತಿ ಶಟ್‌ಡೌನ್ ಮಾಡಿ ಹೋಗುವುದು ಒಳ್ಳೆಯದು.

ಇಷ್ಟೆಲ್ಲ ಓದಿ ನನಗೆ ಅರ್ಥವಾದದ್ದು ಒಂದೇ. ಕೊನೆಯಲ್ಲಿ ಅಳಿಸುತ್ತೇನೆ ಅಂತ ನಂಬಿ ಕೂರಬಾರದು, ಬರೆಯುವ ಮುಂಚೆಯೇ ಬೀಗ ಹಾಕಿರಬೇಕು. ಮೊದಲ ದಿನದಿಂದ ಎಲ್ಲವೂ ಎನ್‌ಕ್ರಿಪ್ಟ್ ಆಗಿಯೇ ಚಿಪ್ಪಿನೊಳಗೆ ಹೋದರೆ, ಕೊನೆಗೆ ನಾಶ ಮಾಡಬೇಕಾದದ್ದು ಸಣ್ಣದೊಂದು ಬೀಗದ ಕೈ ಮಾತ್ರ. ಉಳಿದದ್ದು ಕಪಾಟಿನಲ್ಲೇ ಇದ್ದರೂ ಓದಲು ಬಾರದ ಕಡತ. ಈಗಿನ ಫೋನುಗಳಲ್ಲಿ ರೀಸೆಟ್ ಮಾಡುವುದು ಇದನ್ನೇ. 2019ರ ಆಂಡ್ರಾಯ್ಡ್ 10ರಿಂದ ಈಚೆಗೆ ಆ ಆವೃತ್ತಿಯೊಂದಿಗೆ ಬರುವ ಹೊಸ ಫೋನುಗಳಿಗೆಲ್ಲ ಎನ್‌ಕ್ರಿಪ್ಷನ್ ಕಡ್ಡಾಯ. ಸ್ಕ್ರೀನಿಗೆ ಒಳ್ಳೆಯ ಪಿನ್ ಹಾಕುವ ಕೆಲಸ ನಿಮ್ಮದು. ಆದರೆ ಮೆಮೊರಿ ಕಾರ್ಡು, ಪೆನ್‌ಡ್ರೈವ್‌ಗಳಿಗೆ ಆ ಬೀಗ ತಾನಾಗಿ ಬರುವುದಿಲ್ಲ. ಆಧಾರ್, ಪ್ಯಾನ್, ಸಂಬಳದ ಚೀಟಿ ಎಲ್ಲ ತುಂಬಿಕೊಂಡು ನಮ್ಮ ಬ್ಯಾಗಿನ ಮೂಲೆಯಲ್ಲಿ ಓಡಾಡುವವು ಅವೇ. ಅವನ್ನು ಮಾರಬೇಡಿ, ಉದಾರವಾಗಿ ಕೊಡಲೂ ಬೇಡಿ.

‘ಆ ಕಾರ್ಡಿಂದ ಒಳ್ಳೇದೇ ಆಯ್ತಲ್ಲ’ ಅಂತ ಅಕ್ಕ ಈಗಲೂ ಹೇಳುತ್ತಾಳೆ. ಆಯಿತು ನಿಜ. ಆದರೆ ಅದು ಸಿಕ್ಕಿದ್ದು ಮಗಳ ಫೋಟೊ ಹುಡುಕುತ್ತಿದ್ದ ಒಬ್ಬ ಅಪ್ಪನ ಕೈಗೆ. ಬೇರೆ ಕೈಗೆ ಸಿಕ್ಕಿದ್ದರೆ? ಅದೃಷ್ಟಕ್ಕೆ ಭದ್ರತೆ ಅಂತ ಹೆಸರಿಡಬಾರದು. ಅಪ್ಪಯ್ಯನ ಕಾಯಿಲೆಯ ಸುದ್ದಿ ಅಪ್ಪಯ್ಯನದು. ಅದನ್ನು ಅವರಿಂದ ಕಾಪಾಡಿ ಲೋಕಕ್ಕೆಲ್ಲ ಕೊಟ್ಟವನು ನಾನು.

ಹೋದ ದೀಪಾವಳಿಗೆ ಅಪ್ಪಯ್ಯ ಹೊಸ ಫೋನ್ ತಗೊಂಡರು. ಹಳೆಯದನ್ನು ನನ್ನ ಮುಂದಿಟ್ಟು ‘ಸರಿಯಾಗಿ ಅಳಿಸು’ ಅಂದರು, ‘ಸರಿಯಾಗಿ’ಯನ್ನು ಸ್ವಲ್ಪ ಎಳೆದು. ಫೋಟೊಗಳನ್ನೆಲ್ಲ ಹೊಸದಕ್ಕೆ ತುಂಬಿ ರೀಸೆಟ್ ಮಾಡಿದೆ. ಕಾರ್ಡು ಹೊರಗೆ ತೆಗೆದು ‘ಇದನ್ನು ಕೊಡೋದು ಬೇಡ, ಮುರಿದುಬಿಡೋಣ’ ಅಂದೆ. ಅಪ್ಪಯ್ಯ ಎದ್ದು ಹೋಗಿ ಅಟ್ಟದಿಂದ ಎಲೆಯ ತಟ್ಟೆ ಇಳಿಸಿದರು. ಅದರಲ್ಲಿ ಅಡಕತ್ತರಿ ತುಕ್ಕು ಹಿಡಿದು ಕೂತಿತ್ತು. ಕಾರ್ಡನ್ನು ಬಾಯಿಗಿಟ್ಟು ಅದುಮಿದರು, ಎರಡು ಹೋಳು. ಮತ್ತೆ ಅದುಮಿದರು, ನಾಲ್ಕು.

ಹೋಳುಗಳನ್ನು ಅಂಗೈಯಲ್ಲಿ ನೋಡುತ್ತ ಕೇಳಿದರು, ‘ಮೊನ್ನೆ ಚೆಕಪ್ಪಿನ ರಿಪೋರ್ಟು ಬಂತಲ್ಲ, ಏನಂತೆ?’

ಜೇಬಿನಿಂದ ತೆಗೆದು ಅವರ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು.