ವಿರಾಟಪರ್ವ ಬೇಡ: ದಿನಚರಿಯ ಕೆಲವು ಪುಟಗಳು

ಮೇ 21, 2025, ಬುಧವಾರ. ಸಾಗರ

ಏಳುವಷ್ಟರಲ್ಲಿ ವಾಟ್ಸ್ಆಪ್ ತುಂಬ ಬಾನು ಮುಷ್ತಾಕ್. ಬುಕರ್ ಬಂದಿದೆ. ಕನ್ನಡಕ್ಕೆ ಮೊದಲ ಸಲ, ಸಣ್ಣಕತೆಗಳ ಸಂಕಲನಕ್ಕೂ ಇದೇ ಮೊದಲಂತೆ. ನಮ್ಮ ಶಿಕ್ಷಕರ ಗುಂಪಿನಲ್ಲಿ ಎಲ್ಲರೂ ಅಭಿನಂದನೆ ಹಾಕಿದರು, ನಾನೂ ಹಾಕಿದೆ. ಹಾಕಿದ ಮೇಲೆ ಯೋಚನೆ ಬಂತು: ಇಷ್ಟು ಜನರಲ್ಲಿ ಅವರ ಕತೆ ಓದಿದವರು ಯಾರು? ನಾನು ಓದಿದ್ದು ‘ಕರಿ ನಾಗರಗಳು’ ಒಂದೇ. ಅದೂ ಕಾಸರವಳ್ಳಿಯವರ ‘ಹಸೀನಾ’ ಸಿನಿಮಾ ನೋಡಿ, ಮೂಲ ಯಾವುದು ಅಂತ ಹುಡುಕಿಕೊಂಡು ಹೋಗಿ.

ಮಧ್ಯಾಹ್ನ ಪೇಟೆಯಲ್ಲಿ ಕೇಳಿದೆ. ಖಾಲಿ. ‘ನಿನ್ನೆವರೆಗೂ ಯಾರೂ ಕೇಳಿರ್ಲಿಲ್ಲ ಮೇಡಂ’ ಅಂದರು ಅಂಗಡಿಯವರು. ಅವರಿಗೆ ಖುಷಿಯೋ ಸಿಟ್ಟೋ ತಿಳಿಯಲಿಲ್ಲ. ಹೆಸರು ಬರೆಸಿ ಬಂದೆ.

ಮೇ 25, ಭಾನುವಾರ

ಮುಂಗಾರು ನಿನ್ನೆಯೇ ಕೇರಳ ಮುಟ್ಟಿದೆ, ವಾಡಿಕೆಗಿಂತ ಒಂದು ವಾರ ಮೊದಲು. ನಮ್ಮಲ್ಲಿ ಆಗಲೇ ಬಟ್ಟೆ ಒಣಗುತ್ತಿಲ್ಲ. ಕರೆಂಟು ಹೋಗಿ ಬಂದು ಮಾಡುತ್ತಿದೆ.

ಅತ್ತೆಯ ಕಣ್ಣಿನ ಪೊರೆ ಬಲಿತಿದೆ. ಆಪರೇಶನ್ ಮಳೆಗಾಲ ಕಳೆದ ಮೇಲೇ ಅಂತ ಹಟ. ಓದಲಿಕ್ಕಾಗುವುದಿಲ್ಲ ಅನ್ನುವುದೇ ಅವರ ದೊಡ್ಡ ಕಷ್ಟ. ‘ದಿನಾ ಎಂತೆಂತದೋ ಓದ್ತೀಯಲ್ಲೆ, ನನಗೂ ಒಂಚೂರು ಓದು’ ಅಂದರು. ಗದುಗಿನ ಭಾರತ ಕೆಳಗಿಳಿಸಿದೆ. ಯಾವ ಪರ್ವ ಅಂತ ಕೇಳಿದರೆ, ‘ಯಾವುದಾದ್ರೂ ಆಗ್ತದೆ, ವಿರಾಟಪರ್ವ ಒಂದು ಬೇಡ ಮಾರಾಯ್ತಿ. ಅದನ್ನ ಮಳೆ ಬರ್ಲಿ ಅಂತ ಬಯಲುಸೀಮೆಯವ್ರು ಓದ್ಲಿ. ನಮಗೆ ಬರೋದೇ ಸಾಕಾಗಿದೆ.’

ಉದ್ಯೋಗಪರ್ವ ಹಿಡಿದೆ. ಕಣ್ಣಲ್ಲಿ ಓದಿದರೆ ಅಡಿಗಡಿಗೆ ಮುಗ್ಗರಿಸುತ್ತೇನೆ. ಗಟ್ಟಿಯಾಗಿ ಓದಿದರೆ ಮೂರು ನಾಲ್ಕು ಮೂರು ನಾಲ್ಕು ಅಂತ ಮಾತ್ರೆಗಳೇ ಕೈ ಹಿಡಿದು ನಡೆಸುತ್ತವೆ. ಅರ್ಧ ಅರ್ಥವಾಗಲಿಲ್ಲ. ಅತ್ತೆಗೆ ಆಗುತ್ತದೆ. ಕೇಳಿದರೆ ಹೇಳುವುದಿಲ್ಲ. ‘ಮುಂದೆ ಓದು, ಗೊತ್ತಾಗ್ತದೆ.’

ಗೊತ್ತಾಗದೆ ಮುಂದೆ ಹೋಗುವುದು ನನಗೆ ಕಷ್ಟ. ಮೇಷ್ಟ್ರ ಬುದ್ಧಿ. ಪೆನ್ಸಿಲ್ ಹಿಡಿದೇ ಓದುವುದು.

ಜೂನ್ 3, ಮಂಗಳವಾರ

ಸ್ಟಾಫ್‌ರೂಮಿನಲ್ಲಿ ಒಂದು ವ್ಯಕ್ತಿತ್ವ ವಿಕಸನದ ಪುಸ್ತಕ ಕೈಯಿಂದ ಕೈಗೆ ಓಡಾಡುತ್ತಿದೆ. ಬೆಳಗ್ಗೆ ಐದಕ್ಕೆದ್ದರೆ ಬದುಕು ಬದಲಾಗುತ್ತದಂತೆ. ನಮ್ಮ ಕೇರಿಯಲ್ಲಿ ನಾಲ್ಕೂವರೆಗೆ ಏಳದ ಹೆಂಗಸಿಲ್ಲ. ಎದ್ದು ಏನೇನು ಬದಲಾಯಿತು ಅಂತ ಬರೆದವರು ಬಂದು ನೋಡಲಿ.

ಮೂಗು ಮುರಿಯುತ್ತಲೇ ಓದಿ ಮುಗಿಸಿದೆ. ಅದರಲ್ಲಿ ಒಂದು ಮಾತಿತ್ತು, ದಿನದ ಒಂದೊಂದು ಗಂಟೆಗೂ ಲೆಕ್ಕ ಬರೆದಿಡಿ ಅಂತ. ಬೈದುಕೊಂಡೇ ಬರೆದೆ. ರಾತ್ರಿ ಒಂಬತ್ತರಿಂದ ಹತ್ತೂವರೆ: ಮೊಬೈಲು. ನೋಡಿದ್ದು ಏನು ಅಂತ ನೆನಪೇ ಇಲ್ಲ.

ಈಗ ಆ ಹೊತ್ತು ಓದಿಗೆ. ಇದನ್ನು ಆ ಪುಸ್ತಕ ಕೊಟ್ಟವರಿಗೆ ಹೇಳುವುದಿಲ್ಲ.

ಜೂನ್ 8, ಭಾನುವಾರ

ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಲೈಬ್ರರಿಯ ಹಳೇ ಪ್ರತಿ, ಬೆನ್ನು ಬಿಚ್ಚಿದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರೊಫೆಸರು ಹುಡುಗರನ್ನು ಕಟ್ಟಿಕೊಂಡು ಕಾಡು ಸುತ್ತುವ ಪುಸ್ತಕ. ಚಿತ್ರಗಳೂ ಅವರವೇ. 1978ರಲ್ಲಿ ಇದಕ್ಕೆ ಅಕಾಡೆಮಿ ಪ್ರಶಸ್ತಿ ಬಂದಾಗ, ಸಸ್ಯಗಳ ಪುಸ್ತಕ ಸಾಹಿತ್ಯವೇ ಎಂದು ಯಾರಾದರೂ ಕೇಳಿರಬಹುದು. ಒಬ್ಬಳೇ ಕೂತು ನಕ್ಕೆ. ನಾನು ಬಿ.ಎಸ್ಸಿ. ಓದುವಾಗ ಸಸ್ಯಶಾಸ್ತ್ರದಲ್ಲಿ ನಗುವುದಕ್ಕೆ ಏನಾದರೂ ಇದೆ ಅಂತ ಯಾರೂ ಹೇಳಲಿಲ್ಲ.

ಜೂನ್ 10, ಮಂಗಳವಾರ

ಶಾಲೆಯ ಗೇಟಿನ ಪಕ್ಕದ ಮರ. ವರ್ಷಾನುವರ್ಷ ಅದರ ಕೆಳಗೇ ಸ್ಕೂಟಿ ನಿಲ್ಲಿಸುತ್ತೇನೆ. ಸೀಟಿನ ಮೇಲೆ ನೇರಳೆ ಬಣ್ಣದ ಎಸಳು ಬಿದ್ದಿದ್ದರೆ ಕೊಡವಿ ಹೋಗುವುದು. ಇವತ್ತು ಒಂದನ್ನು ಬೆರಳ ಮೇಲಿಟ್ಟು ನೋಡಿದೆ. ಇಸ್ತ್ರಿ ಕಾಣದ ತೆಳು ರೇಷ್ಮೆಯ ಹಾಗೆ ನಿರಿನಿರಿ, ಬುಡದಲ್ಲಿ ದಾರದಷ್ಟು ಸಣ್ಣ ತೊಟ್ಟು. ಮೊಗ್ಗಿನ ಮೈಗೆ ಉದ್ದುದ್ದ ಗೀರು.

ಹೊಳೆದಾಸವಾಳ. ಹೆಸರು ಹೇಳಿದ್ದು ಅಡುಗೆಯ ಸಾವಿತ್ರಕ್ಕ. ‘ಮೇಡಂ, ನಿಮಗೆ ಗೊತ್ತಿರ್ಲಿಲ್ವಾ?’

ಒಂಬತ್ತನೇ ತರಗತಿಯವರನ್ನು ಹೊರಗೆ ಕರೆದುಕೊಂಡು ಹೋದೆ. ಅರ್ಧ ಗಂಟೆ. ಪಾಠ ಮುಂದೆ ಹೋಗಲಿಲ್ಲ.

ಜೂನ್ 22, ಭಾನುವಾರ

ನಾ. ಡಿಸೋಜ ತೀರಿಕೊಂಡು ಆರು ತಿಂಗಳಾಗುತ್ತ ಬಂತು. ಇದೇ ಊರಿನಲ್ಲಿದ್ದವರು. ನಾನೂ ಕಂಡಿದ್ದೇನೆ, ಮಾತಾಡಿಸಿದವಳಲ್ಲ. ಅವರ ‘ದ್ವೀಪ’ವನ್ನು ಅತ್ತೆಗೆ ಓದಲೋ ಬೇಡವೋ ಅಂತ ಅಳುಕಿತ್ತು. ಅತ್ತೆಯ ತವರು ಕರೂರು ಸೀಮೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮನೆ, ಗದ್ದೆ, ಅಡಿಕೆತೋಟ ಎಲ್ಲ ನೀರಿಗೆ ಹೋದವು. ಆಗ ಅವರಿಗೆ ಹದಿನೇಳು. ಆ ಸುದ್ದಿ ಅವರು ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ.

ಓದಿದೆ. ನೀರು ಏರುತ್ತಿರುವಾಗ ಗಣಪಯ್ಯ ನಾಗವೇಣಿ ಅಲ್ಲೇ ಉಳಿಯುವ ಭಾಗಕ್ಕೆ ಬಂದಾಗ ಓರೆಗಣ್ಣಲ್ಲಿ ನೋಡಿದೆ, ಅಳುತ್ತಾರೇನೋ ಅಂತ.

‘ದನ ಎಂತ ಮಾಡಿದ್ರಂತೆ?’ ಅಂತ ಕೇಳಿದರು.

ಪುಸ್ತಕ ಮುಚ್ಚಿದ ಮೇಲೆ ಮಾತು ಬಂತು. ಅವರ ಮನೆಯಲ್ಲಿ ಹಂಚು ಇಳಿಸಿ ಗಾಡಿಗೆ ಹಾಕಿದ್ದು. ಬಾಗಿಲು ದಾರಂದ ಕಿತ್ತದ್ದು. ದೊಡ್ಡೆಮ್ಮೆಯೊಂದು ಹೊಸ ಊರಲ್ಲಿ ನಿಲ್ಲದೆ ಮತ್ತೆ ಮತ್ತೆ ವಾಪಸು ಹೋಗಿ ನೀರಂಚಲ್ಲಿ ನಿಲ್ಲುತ್ತಿದ್ದದ್ದು. ಇಷ್ಟು ವರ್ಷ ನಾನು ಕೇಳಿರದ ಮಾತು. ಪುಸ್ತಕ ಬಾಯಿ ಬಿಡಿಸಿತೋ, ಕಣ್ಣು ಕಾಣದೆ ಹೊತ್ತು ಹೋಗದೆ ಬಾಯಿ ಬಿಟ್ಟರೋ.

ನನಗೆ ನೋವಾಯಿತು. ಆ ನೋವಿನಲ್ಲೇ, ಎಂಥ ಒಳ್ಳೆಯ ಓದು ಇವತ್ತಿನದು ಅಂತ ಒಂದು ಸಮಾಧಾನವೂ ಇತ್ತು. ಆ ಸಮಾಧಾನ ನನಗೆ ಹಿಡಿಸಲಿಲ್ಲ.

ಜುಲೈ 6, ಭಾನುವಾರ

ಮಕ್ಕಳ ಪ್ರಾಜೆಕ್ಟಿಗೆ ಅಂತ ಶರಾವತಿ ಯೋಜನೆಯ ಹಳೆಯ ಕಾಗದಪತ್ರ, ಪುಸ್ತಿಕೆ ತಂದುಕೊಂಡಿದ್ದೇನೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲದಲ್ಲಿ ಪೇಪರಿನವರು ದಿನಾ ಹಾಕುವ ಅಂಕಿ, ಆದರೆ ಅದನ್ನು ಗೆರೆಯಾಗಿ ಯೋಚಿಸಿರಲಿಲ್ಲ. ನಕ್ಷೆಯಲ್ಲಿ ಒಬ್ಬರು ಆ ಎತ್ತರಕ್ಕೆ ಗೆರೆ ಎಳೆದಿದ್ದಾರೆ. ಅದರ ಒಳಗಿದ್ದದ್ದೆಲ್ಲ ನೀರು. ಹೊರಗೆ ಉಳಿದವರು ನಡುಗಡ್ಡೆ.

ಇನ್ನೊಂದು ಸಂಗತಿ. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೊಡಲು ನಲವತ್ತರ ದಶಕದಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟನ್ನೂ ಈ ನೀರೇ ನುಂಗಿತು. ಬೇಸಿಗೆಯಲ್ಲಿ ನೀರಿಳಿದರೆ ಅದು ತಲೆ ಎತ್ತುತ್ತದೆ, ಜನ ಫೋಟೋ ತೆಗೆಸಿಕೊಳ್ಳಲು ಹೋಗುತ್ತಾರೆ. ಅಣೆಕಟ್ಟನ್ನೇ ಮುಳುಗಿಸಿದ ಅಣೆಕಟ್ಟು. ಕಾದಂಬರಿಯಲ್ಲಿ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆ.

ಈ ಪುಸ್ತಿಕೆಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ, ಎಕರೆ ಇದೆ, ಕ್ಯೂಸೆಕ್ ಇದೆ, ಕಿಲೋವ್ಯಾಟ್ ಇದೆ ಅಂತ ಬೇಸರಪಡಲು ಹೊರಟಿದ್ದೆ. ಡಿಸೋಜ ಇದೇ ಯೋಜನೆಯಲ್ಲಿ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದವರು ಅನ್ನುವುದು ನೆನಪಾಯಿತು. ಇಂಥ ಕಾಗದಗಳ ನಡುವೆ ಕೂತೇ ಕಂಡದ್ದು ಅವರು. ಅಂಕಿಗಳಿಲ್ಲದಿದ್ದರೆ ‘ದ್ವೀಪ’ದ ನೀರು ಅಷ್ಟು ನಿಖರವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತೋ ಇಲ್ಲವೋ.

ಅಲ್ಲದೆ, ಈ ಕರೆಂಟಿನಲ್ಲೇ ರಾತ್ರಿ ಓದುತ್ತೇನೆ. ಅದನ್ನೂ ಬರೆದಿಡಬೇಕು.

ಜುಲೈ 14, ಸೋಮವಾರ

ಸಿಗಂದೂರಿನ ಸೇತುವೆ ಇವತ್ತು ಉದ್ಘಾಟನೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಎರಡು ಕಿಲೋಮೀಟರಿಗೂ ಉದ್ದ. ಅರವತ್ತು ವರ್ಷ ಆಯಿತು ದಾರಿ ನೀರಿಗೆ ಹೋಗಿ. ಲಾಂಚ್ ತಪ್ಪಿದರೆ ಹೆರಿಗೆಯೂ ದಡದಲ್ಲೇ ಕಾಯಬೇಕಿತ್ತು. ಅತ್ತೆಗೆ ಟಿವಿಯ ಸದ್ದು ಜೋರು ಮಾಡಿ ಕೇಳಿಸಿದೆ. ಏನೂ ಅನ್ನಲಿಲ್ಲ. ಆಮೇಲೆ, ‘ಬಸ್ಸು ಎಷ್ಟು ಗಂಟೆಗಂತೆ?’ ಅಂದರು.

ಜುಲೈ 31, ಗುರುವಾರ

ಬಾನು ಮುಷ್ತಾಕ್ ಪುಸ್ತಕ ಕೊನೆಗೂ ಸಿಕ್ಕಿ, ಹತ್ತು ದಿನದಿಂದ ಓದುತ್ತಿದ್ದೇನೆ. ರಾತ್ರಿ ಒಂದು ಕತೆ, ಹೆಚ್ಚು ಆಗುವುದಿಲ್ಲ. ಕೆಲವೆಡೆ ಸಿಟ್ಟು ಬಂದು ಎದ್ದು ನೀರು ಕುಡಿದು ಬಂದೆ. ಬಿಗಿದ ಕತೆಗಳಲ್ಲ ಎಲ್ಲವೂ, ಒಂದೆರಡು ಕಡೆ ಕತೆಗಾರ್ತಿಯೊಳಗಿನ ವಕೀಲರು ವಾದಕ್ಕೆ ಎದ್ದು ನಿಲ್ಲುತ್ತಾರೆ. ಆದರೂ ಬಿಡಲಾಗದು.

ಇವತ್ತು ಎಂಟನೇ ತರಗತಿಯ ಹುಡುಗಿಯೊಬ್ಬಳ ತಾಯಿ ಸ್ಕಾಲರ್‌ಶಿಪ್ ಅರ್ಜಿಗೆ ಸಹಿ ಮಾಡಲು ಬಂದಿದ್ದರು. ಬುರ್ಖಾ ಅಂಚು ಮಳೆಗೆ ಒದ್ದೆ. ಕುರ್ಚಿ ಎಳೆದು ಕೂರಿಸಿದೆ, ಬೇಕಾದ್ದಕ್ಕಿಂತ ಮೆತ್ತಗೆ ಮಾತಾಡಿದೆ. ಅವರ ಮುಖದಲ್ಲಿ ನಾನು ಏನೋ ಹುಡುಕುತ್ತಿದ್ದೆ. ಅವರು ಪೆನ್ನು ಹುಡುಕುತ್ತಿದ್ದರು. ಬ್ಲೌಸ್ ಹೊಲಿಗೆಗೆ ಈಗ ಎಷ್ಟು ತಗೊಳ್ಳುತ್ತಾರೆ, ಫಾಲ್ ಹಚ್ಚಿಸುವವರು ಹೇಗೆ ಚೌಕಾಸಿ ಮಾಡುತ್ತಾರೆ ಅಂತ ನಗುನಗುತ್ತ ಹೇಳಿ, ಆಧಾರ್ ಜೆರಾಕ್ಸ್ ಕೊಟ್ಟು ಹೋದರು.

ಕತೆ ಓದಿದ್ದರಿಂದ ಅವರು ನನಗೆ ಹತ್ತಿರವಾದರೋ, ನಡುವೆ ಪುಸ್ತಕ ಬಂದು ನಿಂತಿತೋ. ಓದದೆ ಇದ್ದಿದ್ದರೆ ಕುರ್ಚಿ ಎಳೆಯುತ್ತಿದ್ದೆನೋ ಇಲ್ಲವೋ. ಎರಡಕ್ಕೂ ಉತ್ತರ ಇಲ್ಲ.

ಆಗಸ್ಟ್ 5, ಮಂಗಳವಾರ

ಓದಿಲ್ಲ. ಜ್ವರ.

ಆಗಸ್ಟ್ 26, ಮಂಗಳವಾರ, ಗೌರಿಹಬ್ಬ

ಹುಡುಗರು ಬೇಲಿಯಿಂದ ಗೌರಿಹೂ ತಂದುಕೊಟ್ಟರು. ಪೂಜೆಗಿಟ್ಟು ಉಳಿದ ಒಂದನ್ನು ಲೆನ್ಸ್ ಹಿಡಿದು ನೋಡುತ್ತ ಕೂತೆ. ಆರು ಎಸಳು, ಅಂಚೆಲ್ಲ ಅಲೆಅಲೆ, ಕೆಳಗೆ ಹಳದಿ, ಮೇಲೆ ಕೆಂಪು. ಎಲ್ಲವೂ ಹಿಂದಕ್ಕೆ ಬಾಗಿ ಮೇಲೆದ್ದಿವೆ. ಹೂವು ತಲೆಕೆಳಗು. ಅಂಡಾಶಯದಿಂದ ಹೊರಟ ಶಲಾಕೆ ನೇರ ಹೋಗದೆ ಪಕ್ಕಕ್ಕೆ ಮಡಿಚಿಕೊಂಡಿದೆ, ತನ್ನದೇ ಪರಾಗದಿಂದ ದೂರ. ಎಲೆಯ ತುದಿಯೇ ಸುರುಳಿಯಾಗಿ ಬೇಲಿ ಹಿಡಿಯುತ್ತದೆ. ಗೆಡ್ಡೆ ವಿಷ, ಅದೇ ಕಾಲ್ಚಿಸಿನ್ ಗೌಟಿಗೆ ಔಷಧ.

ಮಗಳು ಮೈಸೂರಿನಿಂದ ಫೋನು ಮಾಡಿದಾಗ ಇದನ್ನೆಲ್ಲ ಹೇಳಿದೆ. ‘ಅಮ್ಮಾ, ನೀನು ಈಚೆಗೆ ತುಂಬಾ ಮಾತಾಡ್ತೀಯ’ ಅಂದಳು. ಮೊದಲು ಫೋನಿನಲ್ಲಿ ಊಟ ಆಯ್ತಾ, ದುಡ್ಡು ಬೇಕಾ, ಇಷ್ಟೇ ಇತ್ತು. ಅವಳು ಹೇಳಿದ್ದು ಮೆಚ್ಚುಗೆಯೋ ಅಂತ ಕೇಳಲಿಲ್ಲ.

ಸೆಪ್ಟೆಂಬರ್ 24, ಬುಧವಾರ

ಭೈರಪ್ಪ ಹೋದರು. ಗುಂಪಿನಲ್ಲಿ ಶ್ರದ್ಧಾಂಜಲಿಯ ಜೊತೆಗೇ ಜಗಳವೂ ಶುರು. ‘ಆವರಣ’ ಮೆಚ್ಚುವವರು, ಅದನ್ನು ಕಂಡರಾಗದವರು. ನಾನು ಏನೂ ಹಾಕಲಿಲ್ಲ. ‘ಆವರಣ’ 2007ರಲ್ಲಿ ಬಂದಾಗ ಅರ್ಧ ಓದಿ ಬಿಟ್ಟವಳು. ಆದರೆ ಕಾಲೇಜಿನಲ್ಲಿ ‘ಗೃಹಭಂಗ’ ಓದಿ ಹಾಸ್ಟೆಲಿನ ಮಂಚದ ಮೇಲೆ ಮುಖ ಮುಚ್ಚಿಕೊಂಡು ಅತ್ತವಳೂ ನಾನೇ. ಒಂದೇ ಕೈ ಬರೆದದ್ದು ಎರಡೂ. ಒಂದನ್ನು ಹಿಡಿದು ಇನ್ನೊಂದನ್ನು ಅಳಿಸಲು ನನಗೆ ಬರುವುದಿಲ್ಲ.

ರಾತ್ರಿ ‘ಗೃಹಭಂಗ’ ತೆಗೆದೆ. ಆಗ ಅಳಿಸಿದ ಜಾಗಗಳಲ್ಲಿ ಈ ಸಲ ಕಣ್ಣು ನಿಲ್ಲುತ್ತಿಲ್ಲ. ನಂಜಮ್ಮ ಗಂಡನ ಬದಲು ಕೂತು ಶ್ಯಾನುಭೋಗಿಕೆಯ ಲೆಕ್ಕ ಬರೆಯುವ ಕಡೆ ನಿಲ್ಲುತ್ತಿದೆ. ಗೆರೆ ಹಾಕುವುದು, ಕೂಡುವುದು, ತಪ್ಪಿಲ್ಲದೆ ಮುಗಿಸುವುದು. ಆ ಮನೆಯಲ್ಲಿ ನೆಟ್ಟಗಿದ್ದ ಜಾಗ ಅದೊಂದೇ. ಇಪ್ಪತ್ತರಲ್ಲಿ ಇದು ಕಂಡೇ ಇರಲಿಲ್ಲ. ಆಗ ನನಗೂ ಲೆಕ್ಕ ಬರೆಯುವ ಸಂಸಾರ ಇರಲಿಲ್ಲ.

ಸೆಪ್ಟೆಂಬರ್ 28, ಭಾನುವಾರ

ದಸರಾ ರಜೆ ಹೆಸರಿಗೆ. ನಮ್ಮೆಲ್ಲರಿಗೂ ಮನೆಮನೆ ಸಮೀಕ್ಷೆಯ ಡ್ಯೂಟಿ. ಅರವತ್ತು ಪ್ರಶ್ನೆ. ಮೀಟರ್ ಬೋರ್ಡಿನ ಸ್ಟಿಕ್ಕರ್ ಹುಡುಕಬೇಕು, ನೆಟ್‌ವರ್ಕ್ ಸಿಗುವ ಕಟ್ಟೆ ಹುಡುಕಬೇಕು. ಜಾತಿ, ಉಪಜಾತಿ, ಹಸು, ಎಮ್ಮೆ, ಸಾಲ. ಮನೆಯೊಳಗೆ ಕಾಲಿಟ್ಟ ಕೂಡಲೇ ಕತೆ ಕಾಣುತ್ತದೆ, ಬೆರಳು ಮಾತ್ರ ಹೌದು ಇಲ್ಲ ಒತ್ತಬೇಕು. ಆದರೂ ಇದನ್ನು ಹಗುರ ಮಾಡಲಾರೆ. ಜುಲೈನಲ್ಲಿ ಆ ನಕ್ಷೆ ನೋಡಿದ ಮೇಲೆ, ಎಣಿಕೆಗೆ ಸಿಗದವರಿಗೆ ಏನಾಗುತ್ತದೆ ಅಂತ ಅಂದಾಜಿದೆ. ಮುಳುಗಡೆಯವರ ಹಕ್ಕುಪತ್ರದ ಗೋಳು ಇವತ್ತಿಗೂ ಮುಗಿದಿಲ್ಲ.

ನಮ್ಮ ಮನೆಗೆ ಬಂದದ್ದು ಬೇರೆ ಶಾಲೆಯ ಹುಡುಗ ಮೇಷ್ಟ್ರು. ಅತ್ತೆಯನ್ನು ಕೇಳಿದರು, ‘ಅಜ್ಜಿ, ಎಷ್ಟು ಓದಿದೀರಿ?’

‘ನಾಲ್ಕನೇ ಕ್ಲಾಸು. ಆಮೇಲೆ ಭಾರತ, ಹತ್ತೂ ಪರ್ವ. ಈಗ ಇವಳ ಕೈಲಿ ಓದಿಸ್ಕೊಳ್ತಿದೀನಿ.’

ನಾಲ್ಕು ಅಂತ ಒತ್ತಿದರು. ಒಟಿಪಿ ಬರಲಿಲ್ಲ. ಕಾಫಿ ಕುಡಿದು ಸಂಜೆ ಬರುತ್ತೇನೆ ಅಂತ ಹೋದರು.

ಅಕ್ಟೋಬರ್ 2, ಗುರುವಾರ

ಕಣ್ಣಾಸ್ಪತ್ರೆಯಲ್ಲಿ ನವೆಂಬರಿಗೆ ದಿನ ಕೊಟ್ಟಿದ್ದಾರೆ. ಅಲ್ಲಿಯವರೆಗೆ ‘ಗೃಹಭಂಗ’ ಓದು ಅಂದಿದ್ದಾರೆ ಅತ್ತೆ. ಗಂಗಮ್ಮನ ಬೈಗುಳ ಕೇಳಿ ನಗುತ್ತಾರೆ. ಇಂಥ ಒಬ್ಬಳು ನಮ್ಮೂರಲ್ಲೂ ಇದ್ದಳು ಅಂತ ಹೆಸರು ಸಮೇತ ಹೇಳುತ್ತಾರೆ.

ಮುಂದೆ ಪ್ಲೇಗು ಇದೆ. ಮಕ್ಕಳು ಹೋಗುವುದಿದೆ. ಅತ್ತೆಯ ತಮ್ಮ ಚಿಕ್ಕವನಿದ್ದಾಗ ಜ್ವರ ಬಂದು ವಾರದೊಳಗೆ ಹೋದನಂತೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದ ಆಚೀಚೆಯ ವರ್ಷಗಳು. ಅದೇ ಜ್ವರವೋ ಬೇರೆಯೋ, ಹೇಳಿದವರಿಲ್ಲ. ಆ ಅಧ್ಯಾಯಗಳನ್ನು ಹಾರಿಸಿ ಓದಬಹುದು. ಆದರೆ ಅವರು ಬರೀ ಕೇಳುವವರಲ್ಲ, ಎಲ್ಲಿ ಪುಟ ತಿರುವಿದೆ ಅಂತ ಸದ್ದಿನಲ್ಲೇ ಹಿಡಿಯುತ್ತಾರೆ.

ನಮ್ಮ ಯಜಮಾನರನ್ನು ಕೇಳಿದರೆ, ‘ಅಮ್ಮನಿಗೇ ಕೇಳು’ ಅಂದರು. ನಾಳೆ ಕೇಳಬೇಕು. ಇನ್ನೂ ಹದಿನೆಂಟು ಮನೆ ಸಮೀಕ್ಷೆ ಬಾಕಿ.